ಟೈಟಾನಿಕ್ ದುರಂತ: ಕಣ್ಣಾರೆ ಕಂಡವರ ಮೊದಲ ಹೇಳಿಕೆಗಳನ್ನು ಓದುವ ಕ್ರಮ

ಟೈಟಾನಿಕ್ ಮುಳುಗಿದ ರಾತ್ರಿಯ ಬಗ್ಗೆ ಬದುಕುಳಿದವರು ಆಡಿದ ಮೊದಲ ಮಾತುಗಳನ್ನು ಓದಲು ಹೊರಟವರು ಹೇಳಿಕೆಯ ಒಳಗೆ ಇಳಿಯುವ ಮುನ್ನ ಅದರ ತಾರೀಕನ್ನು ನೋಡಿಕೊಳ್ಳಬೇಕು. ಹಡಗು ಹಿಮಬಂಡೆಗೆ ತಾಗಿದ್ದು 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ, ಮುಳುಗಿದ್ದು 15ರ ನಸುಕಿನ 2.20ಕ್ಕೆ, ಬದುಕುಳಿದ ಸುಮಾರು 700 ಮಂದಿಯನ್ನು ಹೊತ್ತ ಕಾರ್ಪೇಥಿಯಾ ಹಡಗು ನ್ಯೂಯಾರ್ಕ್ ಮುಟ್ಟಿದ್ದು 18ರ ರಾತ್ರಿ. ಆದ್ದರಿಂದ 15 ಮತ್ತು 16ನೇ ತಾರೀಕಿನ ಪತ್ರಿಕೆಗಳ ರೋಚಕ ವಿವರಗಳನ್ನು ಬದುಕುಳಿದವರ ಮಾತೆಂದು ನಂಬಿ ಕೂರಬಾರದು. ಪ್ರಯಾಣಿಕರೆಲ್ಲರೂ ಪಾರಾದರು, ಹಡಗನ್ನು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ಕಡೆಗೆ ಎಳೆದೊಯ್ಯಲಾಗುತ್ತಿದೆ ಎಂಬ ಸುಳ್ಳು ಸುದ್ದಿ ಅಚ್ಚಾದದ್ದೂ ಆ ದಿನಗಳಲ್ಲಿಯೇ.

ಎರಡನೆಯದಾಗಿ, ಮಾತು ಯಾರ ಕೈ ದಾಟಿ ಬಂದಿದೆ ಎಂಬುದನ್ನು ಗಮನಿಸಬೇಕು. ಕಾರ್ಪೇಥಿಯಾದಲ್ಲಿ ಪತ್ನಿಯೊಡನೆ ಪ್ರಯಾಣಿಸುತ್ತಿದ್ದ ಪತ್ರಕರ್ತ ಕಾರ್ಲೋಸ್ ಹರ್ಡ್ ಬದುಕುಳಿದವರನ್ನು ಹಡಗಿನಲ್ಲಿಯೇ ಮಾತನಾಡಿಸಿ, ಬರೆದದ್ದನ್ನು ಕಟ್ಟು ಕಟ್ಟಿ ಬಂದರಿನ ಬಳಿ ಬಂದ ಟಗ್ ದೋಣಿಗೆ ಎಸೆದನು. ವೈರ್‌ಲೆಸ್ ಆಪರೇಟರ್ ಆಗಿ ಟೈಟಾನಿಕ್ಕಿನಲ್ಲಿದ್ದ ಹೆರಾಲ್ಡ್ ಬ್ರೈಡ್‌ನ ಕಥೆಯಾದರೋ 19ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹಣಕ್ಕೆ ಮಾರಾಟವಾಗಿ ಬಂದದ್ದು. ಹಣ ಪಡೆದನೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ಪತ್ರಿಕೆಯ ಕಥನವನ್ನು ಅದೇ ಬ್ರೈಡ್ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಹೇಳಿದ್ದರ ಪಕ್ಕದಲ್ಲಿಟ್ಟು ಓದುವುದು ಕ್ಷೇಮ.

ವಿಚಾರಣೆಗಳು ಎರಡು. ಸೆನೆಟರ್ ವಿಲಿಯಂ ಆಲ್ಡನ್ ಸ್ಮಿತ್ ನಡೆಸಿದ ಅಮೆರಿಕದ ವಿಚಾರಣೆ ಏಪ್ರಿಲ್ 19ರಂದೇ ಆರಂಭವಾಯಿತು. ಲಾರ್ಡ್ ಮರ್ಸಿಯ ಲಂಡನ್ ವಿಚಾರಣೆ ಮೇ 2ರಿಂದ ನಡೆಯಿತು. ಲಂಡನ್ನಿನಲ್ಲಿ ಕೇಳಿದ 25,000ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಕ್ರಮಸಂಖ್ಯೆ ಇರುವುದರಿಂದ ಟಿಪ್ಪಣಿ ಮಾಡಿಕೊಳ್ಳುವುದು ಸುಲಭ. ಎರಡರ ನಡವಳಿಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಯಾರನ್ನು ಕರೆಯಲಿಲ್ಲ ಎಂಬುದನ್ನೂ ಬರೆದುಕೊಳ್ಳಿ: ಲಂಡನ್ನಿನಲ್ಲಿ ಮೂರನೆಯ ದರ್ಜೆಯ ಒಬ್ಬ ಪ್ರಯಾಣಿಕನೂ ಸಾಕ್ಷಿ ನುಡಿಯಲಿಲ್ಲ, ಅಮೆರಿಕದಲ್ಲಿ ನುಡಿದವರು ಬೆರಳೆಣಿಕೆಯಷ್ಟು. ಗಡಿಯಾರದ ಗೊಂದಲವೊಂದು ಬೇರೆ ಇದೆ. ಹಡಗಿನ ಸಮಯಕ್ಕೂ ನ್ಯೂಯಾರ್ಕ್ ಸಮಯಕ್ಕೂ 1 ಗಂಟೆ 33 ನಿಮಿಷದ ವ್ಯತ್ಯಾಸವೆಂದು ಒಂದು ವಿಚಾರಣೆ, 1 ಗಂಟೆ 50 ನಿಮಿಷವೆಂದು ಇನ್ನೊಂದು ಲೆಕ್ಕ ಹಿಡಿದವು. ಸಾಕ್ಷಿ ಯಾವ ಗಡಿಯಾರದ ಮಾತು ಹೇಳುತ್ತಿದ್ದಾನೆಂದು ತಿಳಿಯದೆ ಸಮಯಗಳನ್ನು ಹೋಲಿಸಬೇಡಿ.

ಇಷ್ಟಾದ ಮೇಲೆ ಸಾಕ್ಷಿ ಎಲ್ಲಿದ್ದನು ಎಂಬ ಪ್ರಶ್ನೆಗೆ ಬನ್ನಿ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಎರಡನೆಯ ದರ್ಜೆಯ ಪ್ರಯಾಣಿಕ, ವಿಜ್ಞಾನದ ಮೇಷ್ಟ್ರು ಲಾರೆನ್ಸ್ ಬೀಸ್ಲಿ, ತನ್ನ ಕೋಣೆಯಲ್ಲಿ ಓದುತ್ತಿದ್ದಾಗ ಹಾಸಿಗೆ ಎಂದಿಗಿಂತ ತುಸು ಹೆಚ್ಚು ಅದುರಿತೆಂದಷ್ಟೇ ಬಲ್ಲನು. ಅದೇ ಕ್ಷಣದಲ್ಲಿ ಆರನೆಯ ಬಾಯ್ಲರ್ ಕೋಣೆಯಲ್ಲಿದ್ದ, ಕಲ್ಲಿದ್ದಲು ಹಾಕುವವರ ಮೇಸ್ತ್ರಿ ಫ್ರೆಡರಿಕ್ ಬ್ಯಾರೆಟ್, ನೆಲದ ತಗಡಿನಿಂದ ಎರಡಡಿ ಮೇಲೆ ಹಡಗಿನ ಪಕ್ಕವನ್ನು ಸೀಳಿಕೊಂಡು ನೀರು ನುಗ್ಗಿದ್ದನ್ನು ಕಂಡನು. ಇಬ್ಬರೂ ಕೊನೆಗೆ ಸೇರಿದ್ದು 13ನೆಯ ದೋಣಿಯನ್ನು. ಹಡಗಿನ ಪಕ್ಕದಿಂದ ಧುಮ್ಮಿಕ್ಕುತ್ತಿದ್ದ ನೀರಿನ ರಭಸಕ್ಕೆ ಆ ದೋಣಿ ಹಿಂದಕ್ಕೆ ಸರಿದು, ಮೇಲಿನಿಂದ ಇಳಿಯುತ್ತಿದ್ದ 15ನೆಯ ದೋಣಿಯ ಅಡಿಗೆ ಸಿಕ್ಕಿತು. ಹಗ್ಗ ಕತ್ತರಿಸಿದ್ದರಿಂದ ಕೂದಲೆಳೆಯಲ್ಲಿ ಪಾರಾಯಿತು. ಇಂಥ ಘಟನೆಯನ್ನು ಮೇಷ್ಟ್ರ ಬರಹದಲ್ಲಿ ಒಮ್ಮೆ, ಮೇಸ್ತ್ರಿಯ ಸಾಕ್ಷ್ಯದಲ್ಲಿ ಒಮ್ಮೆ ಓದಿದರೆ ಹೋಲಿಕೆಯ ಅಭ್ಯಾಸ ಕೈಗೆ ಹತ್ತುತ್ತದೆ. ಬ್ಯಾರೆಟ್‌ನನ್ನು ಸೆನೆಟರ್ ಸ್ಮಿತ್ ಮಾತನಾಡಿಸಿದ್ದು ಟೈಟಾನಿಕ್‌ನ ಸೋದರಿ ಹಡಗು ಒಲಿಂಪಿಕ್‌ನ ಬಾಯ್ಲರ್ ಕೋಣೆಗೆ ಖುದ್ದು ಇಳಿದು ಹೋಗಿ. ಪ್ರಶ್ನೆ ಕೇಳುವವನು ಹೀಗಿರಬೇಕು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಇದ್ದ ಜಾಗ ತಿಳಿದರೂ ಎಲ್ಲವೂ ತೀರ್ಮಾನವಾಗುವುದಿಲ್ಲ. ಎರಡನೆಯ ಅಧಿಕಾರಿ ಲೈಟೋಲರ್, ಮೊದಲ ದರ್ಜೆಯ ಪ್ರಯಾಣಿಕ ಕರ್ನಲ್ ಗ್ರೇಸಿ, 17 ವರ್ಷದ ಜ್ಯಾಕ್ ಥೇಯರ್ ಮೂವರೂ ಮಗುಚಿದ ಮಡಚುವ ದೋಣಿ ‘ಬಿ’ಯ ಬೆನ್ನೇರಿ ಬದುಕಿದವರು. ಹಡಗು ಇಡಿಯಾಗಿಯೇ ಮುಳುಗಿತೆಂದು ಮೊದಲಿಬ್ಬರು ಹೇಳಿದರು, ಎರಡು ತುಂಡಾಯಿತೆಂದು ಹುಡುಗ ಹೇಳಿದನು. ಹಲವು ನಾವಿಕರೂ ತುಂಡಾಯಿತೆಂದೇ ನುಡಿದಿದ್ದರೂ ಲಂಡನ್ ವಿಚಾರಣೆ ಅಧಿಕಾರಿಯ ಮಾತಿನ ಕಡೆಗೆ ವಾಲಿತು. ತಿಂಗಳ ಬೆಳಕಿಲ್ಲದ ರಾತ್ರಿ, ಹಡಗಿನ ದೀಪಗಳೂ ಆರಿಹೋಗಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. 1985ರ ಸೆಪ್ಟೆಂಬರ್ 1ರಂದು ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಪತ್ತೆಯಾದಾಗ ಹಡಗು ಎರಡು ಹೋಳಾಗಿತ್ತು.

ಹಾಗೆಂದು ಥೇಯರ್ ಹೆಸರಿನಲ್ಲಿರುವುದನ್ನೆಲ್ಲ ಒಪ್ಪಿಕೊಳ್ಳುವಂತಿಲ್ಲ. ಕಾರ್ಪೇಥಿಯಾದ ಪ್ರಯಾಣಿಕನೊಬ್ಬ ಅವನ ಮಾತು ಕೇಳಿ ಬರೆದ ರೇಖಾಚಿತ್ರಗಳಲ್ಲಿ, ತುಂಡಾದ ಮುಂಭಾಗ ಮತ್ತೆ ನೀರಿನ ಮೇಲಕ್ಕೆ ಎದ್ದಿರುವಂತೆ ಕಾಣುತ್ತದೆ, ಹಾಗೆ ಆಗಲಿಲ್ಲ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಸರಿ ತಪ್ಪಿನ ಗುರುತನ್ನು ಸಾಕ್ಷಿಯ ಹೆಸರಿನ ಎದುರು ಹಾಕದೆ, ಅವನು ಹೇಳಿದ ಒಂದೊಂದು ಸಂಗತಿಯ ಎದುರೂ ಬೇರೆ ಬೇರೆಯಾಗಿ ಹಾಕಿ. ಸೀಸದ ಕಡ್ಡಿಯಲ್ಲೇ ಹಾಕಿ.