ಹಳೆಯ ಬೆನ್ನುನೋವು: ಬಾಗಲು ಹೆದರುವವರು ಮತ್ತೆ ಬಾಗುವುದು ಹೇಗೆ?

ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ದಿನವೂ ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತು ಕಚೇರಿಗೆ ಹೋಗುವ ನಮ್ಮವರಿಗೆ ಬೆನ್ನುನೋವು ಹೊಸದಲ್ಲ. ಆದರೆ ನೋವು 3 ತಿಂಗಳು ದಾಟಿದ ಮೇಲೆ, ಮನುಷ್ಯ ಎಷ್ಟು ನಡೆಯಬಲ್ಲ, ಎಷ್ಟು ಭಾರ ಎತ್ತಬಲ್ಲ ಎಂಬುದನ್ನು ನೋವಿನ ತೀವ್ರತೆಯೊಂದೇ ನಿರ್ಧರಿಸುವುದಿಲ್ಲ. ಬಾಗಿದರೆ ಬೆನ್ನು ಮತ್ತೆ ಹಿಡಿದುಕೊಂಡೀತು ಎಂಬ ಭಯಕ್ಕೂ ಅದರಲ್ಲಿ ದೊಡ್ಡ ಪಾಲಿದೆ. ಹೆದರಿ ಓಡಾಟ ತಗ್ಗಿಸಿದಷ್ಟೂ ಸ್ನಾಯುಗಳ ಬಲ ಕುಗ್ಗುತ್ತದೆ, ಬೆನ್ನು ಸೆಟೆದುಕೊಳ್ಳುತ್ತದೆ, ಸಣ್ಣ ಕೆಲಸಕ್ಕೂ ನೋಯುತ್ತದೆ, ಹಾಗೆ ನೋಯುವುದರಿಂದ ಹೆದರಿದ್ದೇ ಸರಿಯಾಯಿತೆಂದು ತೋರುತ್ತದೆ. ನೋವಿನ ಕುರಿತು ಸಂಶೋಧನೆ ನಡೆಸಿದ ಮನೋವಿಜ್ಞಾನಿಗಳಾದ ವ್ಲಾಯೆನ್ ಮತ್ತು ಲಿಂಟನ್ 2000ರಲ್ಲಿ ವಿವರವಾಗಿ ಚರ್ಚಿಸಿದ್ದು ಈ ಸುಳಿಯನ್ನೇ.

ಮೊದಲು ವೈದ್ಯರಿಗೆ ತೋರಿಸಬೇಕು. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಂಥದ್ದೇನೂ ಇಲ್ಲವೆಂದಾದರೆ ಎಂಆರ್‌ಐ ವರದಿಯ ‘ಡಿಸ್ಕ್ ಬಲ್ಜ್’ (ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಕ್ಕೆ ಉಬ್ಬಿರುವುದು) ಎಂಬ ಮಾತಿಗೆ ಕಂಗೆಡಬೇಕಾಗಿಲ್ಲ: ನೋವೇ ಇಲ್ಲದವರನ್ನು ಕುರಿತ 2015ರ ಪರಿಶೀಲನೆಯೊಂದರಲ್ಲಿ, 20ರ ವಯಸ್ಸಿನವರಲ್ಲಿ ಸುಮಾರು ಶೇ. 30 ಮಂದಿಗೂ 80ರವರಲ್ಲಿ ಶೇ. 84 ಮಂದಿಗೂ ಅದು ಕಂಡುಬಂದಿತ್ತು.

ಬಳಿಕ, ನೀವು ಕೈಬಿಟ್ಟಿರುವ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಭಯದ ಅಂಕ ಕೊಡಿ. ಕಡಿಮೆ ಅಂಕದ್ದನ್ನು ಮೊದಲು ಆರಿಸಿ. ಅದು ಬಕೆಟ್ ಎತ್ತುವುದಾಗಿದ್ದರೆ, ಕಾಲುಭಾಗ ನೀರು ತುಂಬಿ, ಎತ್ತುವ ಮುನ್ನ ಏನಾಗಬಹುದೆಂದು ಅನ್ನಿಸುತ್ತದೆಯೋ ಅದನ್ನು ಬರೆದಿಡಿ. ಉಸಿರು ಬಿಗಿಹಿಡಿಯದೆ, ಇನ್ನೊಂದು ಕೈಯನ್ನು ಗೋಡೆಗೆ ಊರದೆ ಎತ್ತಿ, ನಿಜವಾಗಿ ಏನಾಯಿತೆಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಸೊಂಟದ ಬೆಲ್ಟ್ ಕಟ್ಟಿಕೊಂಡು ಎತ್ತಿದರೆ ಅಭ್ಯಾಸದ ಅರ್ಧ ಫಲ ವ್ಯರ್ಥ. ಕಾಪಾಡಿದ್ದು ಬೆಲ್ಟೇ ಎಂದು ಮನಸ್ಸು ನಂಬಿಬಿಡುತ್ತದೆ.

ಎಷ್ಟು ಸಲ ಎತ್ತಬೇಕೆಂಬುದು ಮೊದಲೇ ಗೊತ್ತಾಗಿರಲಿ. ನೋವು ಕಡಿಮೆಯಿರುವ ದಿನ ಹುಮ್ಮಸ್ಸಿನಿಂದ ಹೆಚ್ಚು ಎತ್ತಬಾರದು, ತುಸು ನೋಯುವ ದಿನ ಪೂರ್ತಿ ಬಿಡಲೂಬಾರದು. ಮರುದಿನ ನೋವು ಸ್ವಲ್ಪ ಹೆಚ್ಚಿದರೆ ಬೆನ್ನಿಗೆ ಪೆಟ್ಟಾಗಿದೆ ಎಂದಲ್ಲ. ಅಷ್ಟೇ ಪ್ರಮಾಣವನ್ನು ಇನ್ನೂ ಕೆಲವು ದಿನ ಮುಂದುವರಿಸಿ, ಭಯ ಇಳಿದ ಮೇಲೆ ಅರ್ಧ ಬಕೆಟ್ಟಿಗೆ ಹೋಗಿ.

ಮನೆಯವರಿಗೂ ಇದನ್ನು ತಿಳಿಸಿರಬೇಕು. “ಅತ್ತೆ, ನೀವು ಮುಟ್ಟಬೇಡಿ, ನಾನು ಎತ್ತಿಡ್ತೀನಿ” ಎನ್ನುವ ಸೊಸೆಯದು ಅಕ್ಕರೆಯೇ, ಆದರೆ ಆ ಅಕ್ಕರೆ ದಿನಕ್ಕೆ ಹತ್ತು ಸಲ ಭಯವನ್ನು ನೆನಪಿಸುತ್ತದೆ.

ರೈಲಿಗೂ ಇದೇ ಕ್ರಮ: ಜನ ಕಡಿಮೆಯಿರುವ ಮಧ್ಯಾಹ್ನ, ಸ್ಲೋ ಲೋಕಲ್‌ನಲ್ಲಿ ಡೊಂಬಿವಲಿಯಿಂದ ಠಾಕುರ್ಲಿಯ ಮೇಲೆ ಕಲ್ಯಾಣದವರೆಗೆ ನಿಂತೇ ಹೋಗಿ ಬನ್ನಿ, ಬೆಳಗಿನ ನೂಕುನುಗ್ಗಲಿನ ಫಾಸ್ಟ್ ಲೋಕಲ್ ಪಟ್ಟಿಯ ತುದಿಯಲ್ಲಿರಲಿ. ಫಿಸಿಯೋಥೆರಪಿಸ್ಟರು ಟ್ಯಾಂಪಾ ಮಾಪಕದ 17 ಹೇಳಿಕೆಗಳ ಮೂಲಕ ಚಲನೆಯ ಭಯವನ್ನು ಅಳೆಯುತ್ತಾರೆ. ಅಂಕ 17ರಿಂದ 68ರವರೆಗೆ ಇರುತ್ತದೆ. 37 ದಾಟಿದರೆ ಭಯ ಹೆಚ್ಚೆಂದು ಸಾಮಾನ್ಯವಾಗಿ ಪರಿಗಣಿಸುವುದರಿಂದ, ಅಂಥವರು ಈ ಪಟ್ಟಿಯ ಮೆಟ್ಟಿಲುಗಳನ್ನು ಒಬ್ಬರೇ ಹತ್ತದೆ ಫಿಸಿಯೋಥೆರಪಿಸ್ಟರ ಜೊತೆಗೂಡಿಯೇ ಹತ್ತುವುದು ಒಳ್ಳೆಯದು.