ಸಾಕಿದ ಹಾವು ಪೆಟ್ಟಿಗೆಯಲ್ಲಿಲ್ಲವೇ? ಹೀಗೆ ಹುಡುಕಿ

ಹಾವು ಸಾಕುವವರಿಗೆ ಇಂದಲ್ಲ ನಾಳೆ ಬರುವ ಫಜೀತಿ ಇದು. ಪೆಟ್ಟಿಗೆಯ ಮುಚ್ಚಳ ತುಸು ಸರಿದಿದೆ, ಒಳಗೆ ಹಾವಿಲ್ಲ. ತಲೆ ತೂರುವಷ್ಟು ಜಾಗ ಸಿಕ್ಕಿದರೆ ಉಳಿದ ಮೈ ಹಿಂದಿನಿಂದ ಬರುತ್ತದೆ. ಅಮೆರಿಕದ ಕಾರ್ನ್ ಸ್ನೇಕ್ ಮರಿಗೆ ಪೆನ್ಸಿಲ್ ದಪ್ಪದ ಸಂದೂ ಸಾಕು.

ಗಾಬರಿ ಬೇಡ. ಬೆಳೆದ ಬಾಲ್ ಪೈಥಾನ್ (ಆಫ್ರಿಕಾದ ವಿಷವಿಲ್ಲದ ಸಣ್ಣ ಹೆಬ್ಬಾವು) ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಅದಕ್ಕೆ ಊರು ಸುತ್ತುವ ಆಸೆಯೂ ಇಲ್ಲ. ಬೇಕಾದದ್ದು ಕತ್ತಲು, ಮೈಗೆ ಒತ್ತಿಕೊಳ್ಳುವಂಥ ಇಕ್ಕಟ್ಟು ಜಾಗ, ಹದವಾದ ಬಿಸಿ. ಇವು ಮೂರೂ ಪೆಟ್ಟಿಗೆಯ ಆಸುಪಾಸಿನಲ್ಲೇ ಸಿಕ್ಕಿದರೆ ಅದು ಮುಂದೆ ಹೋಗುವುದೇ ಇಲ್ಲ. ಹೆಚ್ಚಾಗಿ ಅದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಸಿಗುತ್ತದೆ.

ಆದರೆ ಕಾಸರಗೋಡಿನ ಮನೆಗಳಲ್ಲಿ ಒಂದು ತೊಡಕಿದೆ. ಲಂಡನ್ನಿನ ಫ್ಲ್ಯಾಟಿನಲ್ಲಿ ಸೋಫಾದ ಅಡಿಯಲ್ಲಿ ಹಾವು ಕಂಡರೆ ಅದು ಸಾಕಿದವನದೇ ಇರಬೇಕು. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಹಾಗೆ ಹೇಳಲು ಬರುವುದಿಲ್ಲ. ಸುತ್ತ ಅಡಿಕೆ ತೋಟ, ಹಿಂದೆ ಕಟ್ಟಿಗೆ ರಾಶಿ, ಮೇಲೆ ಹಂಚಿನ ಮಾಡು. ಇಲಿ ಬಂದಲ್ಲಿಗೆ ಇಲಿಯನ್ನು ತಿನ್ನುವವರೂ ಬರುತ್ತಾರೆ. ನಿಮ್ಮ ಹಾವನ್ನು ಹುಡುಕುತ್ತಾ ಹೋದವರಿಗೆ ಬೇರೆ ಹಾವೇ ಸಿಗಬಹುದು. ಹಾಗಾಗಿ ಕಣ್ಣು ಹೋಗದ ಕಡೆ ಕೈ ಹೋಗಬಾರದು. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಮೊದಲು ದಾರಿ ಕಟ್ಟಿ

ಕೋಣೆಯ ಬಾಗಿಲು ಹಾಕಿ. ಬಾಗಿಲ ಅಡಿಯ ಸಂದಿಗೆ ಬೈರಾಸು ಸುತ್ತಿ ಒತ್ತಿ. ಕಮೋಡಿನ ಮುಚ್ಚಳ ಮುಚ್ಚಿ. ಹಳೆ ಮನೆಗಳ ಬಚ್ಚಲಲ್ಲಿ ನೀರು ಹೊರಹೋಗುವ ಕಂಡಿ ಇರುತ್ತದೆ, ಅದಕ್ಕೆ ಬಟ್ಟೆ ತುರುಕಿ. ಹಾವು ಹೊರಗೆ ಹೋಗುವ ಸುಲಭದ ದಾರಿ ಅದೇ. ಬೆಕ್ಕನ್ನೂ ನಾಯಿಯನ್ನೂ ಹೊರಗೆ ಬಿಡಿ.

ವಾಷಿಂಗ್ ಮೆಷಿನ್, ಗ್ರೈಂಡರ್, ಓವನ್ ಇವನ್ನು ಒಳಗೂ ಹಿಂದೂ ನೋಡದೆ ಚಾಲು ಮಾಡಬೇಡಿ. ಹಿಂದಕ್ಕೆ ವಾಲುವ ಸೋಫಾ ಇದ್ದರೆ ಅದನ್ನು ಎಳೆಯಲೂ ಬೇಡಿ, ಮಡಚಲೂ ಬೇಡಿ. ಅದರೊಳಗಿನ ಕಬ್ಬಿಣದ ಪಟ್ಟಿಗಳ ನಡುವೆ ಸಿಕ್ಕಿದ ಹಾವು ಉಳಿಯುವುದಿಲ್ಲ.

ಇಲಿಗೆಂದು ಇಟ್ಟ ಅಂಟುಹಲಗೆ ಎಲ್ಲೆಲ್ಲಿದೆ, ನೆನಪಿದೆಯೇ? ಅಡಿಕೆ, ಕೊಬ್ಬರಿ ಇರುವ ಮನೆಯಲ್ಲಿ ಅದು ಮೂಲೆಮೂಲೆಯಲ್ಲೂ ಇರುತ್ತದೆ. ಎಲ್ಲವನ್ನೂ ಕೂಡಲೇ ತೆಗೆಯಿರಿ. ಅದಕ್ಕೆ ಅಂಟಿದ ಹಾವು ಬಿಡಿಸಿಕೊಳ್ಳಲು ಒದ್ದಾಡಿಯೇ ಸಾಯುತ್ತದೆ. ಈಗಾಗಲೇ ಅಂಟಿಕೊಂಡಿದ್ದರೆ ಎಳೆಯಬೇಡಿ. ಅದು ನಿಮ್ಮದೇ ಎಂದು ಖಾತ್ರಿ ಇದ್ದರೆ ಅಡುಗೆ ಎಣ್ಣೆ ಹಚ್ಚುತ್ತಾ ನಿಧಾನಕ್ಕೆ ಬಿಡಿಸಿ.

ಇಷ್ಟಾದ ಮೇಲೆ ಪೆಟ್ಟಿಗೆಯನ್ನೇ ಇನ್ನೊಮ್ಮೆ ನೋಡಿ. ಅಡಿಯಲ್ಲಿ ಹಾಸಿದ ತೆಂಗಿನ ನಾರಿನ ಹುಡಿಯೊಳಗೆ, ನೀರಿನ ಬಟ್ಟಲಿನ ಕೆಳಗೆ, ಮುಚ್ಚಳದ ಅಂಚಿನಲ್ಲಿ. ಮನೆಯೆಲ್ಲ ಬುಡಮೇಲು ಮಾಡಿದ ಮೇಲೆ ಹಾವು ಪೆಟ್ಟಿಗೆಯಲ್ಲೇ ಸಿಕ್ಕಿದರೆ ಮನೆಯವರ ಬೈಗುಳ ನಿಮಗೇ ಅಲ್ವಾ?

ಎಲ್ಲಿ ನೋಡಬೇಕು? ಮಳೆಗಾಲವೋ ಸೆಕೆಗಾಲವೋ?

ಹೊರದೇಶದವರು ಹೇಳುವ ಸಲಹೆಗಳಲ್ಲಿ ಬಿಸಿ ಇರುವಲ್ಲಿ ಹುಡುಕಿ ಎಂಬುದೇ ಮೊದಲು ಬರುತ್ತದೆ. ಅವರ ಮನೆ ವರ್ಷದ ಬಹುಪಾಲು ತಣ್ಣಗಿರುತ್ತದೆ, ಅವರಿಗೆ ಅದು ಸರಿ. ನಮ್ಮಲ್ಲಿ ಅರ್ಧ ವರ್ಷ ಮಾತ್ರ ಸರಿ. ಬಾಲ್ ಪೈಥಾನಿಗೆ ಬೇಕಾದ ಬಿಸಿ ಸುಮಾರು 31–32 ಡಿಗ್ರಿ, ತಂಪಿನ ಬದಿ 25–26 ಡಿಗ್ರಿ. ಏಪ್ರಿಲ್‌ನ ಮಧ್ಯಾಹ್ನ ನಿಮ್ಮ ಚಾವಡಿಯೇ ಅದರ ಬಿಸಿ ಮೂಲೆಯಷ್ಟು ಕಾದಿರುತ್ತದೆ. ಆಗ ಅದು ಫ್ರಿಡ್ಜಿನ ಹಿಂದೆ ಯಾಕೆ ಹೋಗಬೇಕು? ತಂಪು ಹುಡುಕುತ್ತದೆ. ಕಡೆಯುವ ಕಲ್ಲಿನ ಅಡಿ, ಬಚ್ಚಲ ಬಕೆಟುಗಳ ಹಿಂದೆ, ನೀರಿನ ಕೊಡದ ಬುಡ, ನೆಲಕ್ಕೆ ತಾಗಿದ ಕಪಾಟಿನ ಕೆಳಗೆ ನೋಡಿ.

ಜೂನ್‌ನಿಂದ ಲೆಕ್ಕ ತಿರುಗುತ್ತದೆ. ಜಡಿಮಳೆಯ ರಾತ್ರಿ ನೆಲ ತಣ್ಣಗಾಗುತ್ತದೆ, ಹಾವು ಬಿಸಿಯ ಕಡೆ ಸರಿಯುತ್ತದೆ. ಫ್ರಿಡ್ಜಿನ ಹಿಂಬದಿ, ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್ ಇಟ್ಟ ಕಪಾಟು ಇವನ್ನು ನೋಡಿ. ಬಚ್ಚಲಿನ ಹಂಡೆ ಒಲೆಯನ್ನು ಬೇರೆಯಾಗಿಯೇ ಹೇಳಬೇಕು. ಬೆಂಕಿ ಆರಿದ ಮೇಲೂ ಅದರ ಕಲ್ಲು ಬೆಳಗಿನವರೆಗೆ ಬೆಚ್ಚಗಿರುತ್ತದೆ. ಬೆಳಿಗ್ಗೆ ಬೆಂಕಿ ಹಾಕುವ ಮೊದಲು ಒಲೆಯ ಬಾಯಿಗೆ ಟಾರ್ಚು ಬಿಟ್ಟು ನೋಡಿ. ಪಕ್ಕದ ಕಟ್ಟಿಗೆಯನ್ನು ಕೈಯಿಂದ ಎತ್ತಬೇಡಿ, ಉದ್ದ ಕೋಲಿನಿಂದ ಒಂದೊಂದಾಗಿ ಸರಿಸಿ.

ಕಾರ್ನ್ ಸ್ನೇಕ್ ಆದರೆ ಮೇಲೂ ನೋಡಬೇಕು. ಅದು ಚೆನ್ನಾಗಿ ಹತ್ತುತ್ತದೆ. ಪರದೆಯ ಮಡಿಕೆ, ಪುಸ್ತಕದ ಸಾಲಿನ ಹಿಂದೆ, ಕೊನೆಗೆ ಅಟ್ಟ. ಬಾಲ್ ಪೈಥಾನ್ ಹೆಚ್ಚಾಗಿ ನೆಲದಲ್ಲೇ, ಗೋಡೆಯನ್ನು ಒತ್ತಿಕೊಂಡೇ ಹೋಗುತ್ತದೆ.

ಹುಡುಕುವಾಗ ಒಂದು ಕೋಣೆ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಮುಗಿದ ಕೋಣೆಯ ಬಾಗಿಲನ್ನೂ ಸಂದಿಯನ್ನೂ ಮುಚ್ಚಿ. ಟಾರ್ಚನ್ನು ನೆಲಕ್ಕೆ ಸಮಾನವಾಗಿ ಹಿಡಿದರೆ ಹೊಳೆಯುವ ಚರ್ಮ ಬೇಗ ಕಾಣುತ್ತದೆ. ನಾಲ್ಕು ಜನ ಸೇರಿ ಮಂಚ ಎಳೆಯುವ ಗದ್ದಲ ಬೇಡ. ಹಾವು ನೆಲದ ಅದುರಾಟವನ್ನು ಚೆನ್ನಾಗಿ ತಿಳಿಯುತ್ತದೆ, ಇನ್ನೂ ಒಳಗೆ ಸೇರಿಕೊಳ್ಳುತ್ತದೆ.

ರಾತ್ರಿಯ ಕೆಲಸ

ಹಗಲು ಸಿಗಲಿಲ್ಲವೇ? ಬಾಲ್ ಪೈಥಾನ್ ತಿರುಗಾಡುವುದೇ ರಾತ್ರಿ. ಮಲಗುವ ಮೊದಲು ಬಾಗಿಲುಗಳ ಹೊಸ್ತಿಲಿಗೂ ಗೋಡೆಯ ಬುಡಕ್ಕೂ ರಂಗೋಲಿ ಹುಡಿಯನ್ನು ತೆಳ್ಳಗೆ ಎಳೆಯಿರಿ. ಗೋಧಿಹಿಟ್ಟು ಹಾಕಿ ಅನ್ನುವವರಿದ್ದಾರೆ. ನಮ್ಮಲ್ಲಿ ಬೆಳಗಾಗುವುದರೊಳಗೆ ಇರುವೆ ಮುತ್ತಿ ಗುರುತೆಲ್ಲ ಅಳಿಸುತ್ತದೆ. ಹುಡಿಯ ಮೇಲೆ ಎಳೆದ ಪಟ್ಟಿ ಕಂಡರೆ ಹಾವು ಯಾವ ಕೋಣೆಯಲ್ಲಿದೆ, ಯಾವ ಕಡೆ ಹೋಯಿತು ಎಂದು ತಿಳಿಯುತ್ತದೆ. ಗೋಡೆಯ ಉದ್ದಕ್ಕೂ ಸರಬರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಹರಡಿ, ದೀಪ ಆರಿಸಿ, ಟಾರ್ಚು ಹಿಡಿದು ಕುರ್ಚಿಯಲ್ಲಿ ಸುಮ್ನೆ ಕೂರಿ. ಆ ಕೋಣೆಯಲ್ಲಿ ನೆಲದ ಮೇಲೆ ಯಾರೂ ಮಲಗಬೇಡಿ. ಇದು ನಿಮ್ಮ ಹಾವಿನ ಹೆದರಿಕೆಗಲ್ಲ, ಕಡಂಬಳ ಎಂಬ ವಿಷದ ಕಟ್ಟುಹಾವಿನ ಹೆದರಿಕೆಗೆ. ಅದೂ ಓಡಾಡುವುದು ರಾತ್ರಿಯೇ, ಕಚ್ಚಿದ್ದು ನಿದ್ದೆಯಲ್ಲಿ ಗೊತ್ತೂ ಆಗದಿರಬಹುದು.

ಮಳೆಗಾಲದಲ್ಲಿ ಬಿಸಿಯ ಆಮಿಷ ಒಳ್ಳೆಯದು. ರಟ್ಟಿನ ಪೆಟ್ಟಿಗೆಗೆ ಹಾವು ತೂರುವಷ್ಟು ತೂತು ಮಾಡಿ. ಒಳಗೆ ಹಳೆ ಬಟ್ಟೆ, ಅದರಡಿ ಬಿಸಿನೀರಿನ ಚೀಲ ಇಟ್ಟು ಕತ್ತಲ ಮೂಲೆಯಲ್ಲಿಡಿ. ಸೆಕೆಗಾಲದಲ್ಲಿ ಅದೇ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಇಡಿ, ಪಕ್ಕದಲ್ಲಿ ನೀರಿನ ಬಟ್ಟಲು. ಹಾವಿನ ಸ್ವಂತ ಪೆಟ್ಟಿಗೆಯನ್ನೂ ನೆಲಕ್ಕಿಳಿಸಿ ತೆರೆದಿಡಿ. ಕೆಲವು ತಾವಾಗಿ ವಾಪಸ್ ಬಂದು ಮಲಗುತ್ತವೆ. ಜೀವಂತ ಇಲಿಯನ್ನು ಆಮಿಷವಾಗಿ ಬಿಡಬೇಡಿ. ಮೂಲೆಗೆ ಸಿಕ್ಕಿದ ಇಲಿ ಹಾವನ್ನೇ ಕಚ್ಚುತ್ತದೆ.

ಬೆಳ್ಳುಳ್ಳಿ, ಫಿನಾಯಿಲ್, ಸೀಮೆಎಣ್ಣೆ ಹಾಕಿದರೆ ಹಾವು ಹೊರಗೆ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ಬರುವ ಖಾತ್ರಿ ಇಲ್ಲ. ಸೀಮೆಎಣ್ಣೆ, ಫಿನಾಯಿಲ್ ಅದರ ಮೈಸುಡುವುದಂತೂ ಹೌದು.

ಸಿಕ್ಕಿತು, ಆದರೆ ನಿಮ್ಮದೇನಾ?

ಹಾವಿನ ಒಳ್ಳೆಯ ಫೋಟೊ ಫೋನಿನಲ್ಲಿ ಇಟ್ಟುಕೊಂಡಿರಿ. ಟಾರ್ಚಿನ ಬೆಳಕಿಗೆ ಕಂಡ ಕಂದು ಚುಕ್ಕೆ ಕಣ್ಣಿಗೆ ಮೋಸ ಮಾಡುತ್ತದೆ. ಬಾಲ್ ಪೈಥಾನೂ ದಪ್ಪ, ಕಂದು, ಚುಕ್ಕೆಯದ್ದು. ವಿಷದ ಕನ್ನಡಿ ಹಾವೂ (ಮಂಡಲದ ಹಾವು) ಹಾಗೇ. ಕನ್ನಡಿ ಹಾವಿನ ಬೆನ್ನಿನಲ್ಲಿ ಮೊಟ್ಟೆಯಾಕಾರದ ಚುಕ್ಕೆಗಳು ಉದ್ದಕ್ಕೆ ಸಾಲಾಗಿರುತ್ತವೆ. ಕೆಣಕಿದರೆ ಕುಕ್ಕರಿನಂತೆ ಜೋರಾಗಿ ಬುಸುಗುಡುತ್ತದೆ. ಬಾಲ್ ಪೈಥಾನಿನ ಚುಕ್ಕೆಗಳಿಗೆ ಅಂಥ ಸಾಲಿಲ್ಲ. ಹೆದರಿದರೆ ಅದು ತಲೆಯನ್ನು ಒಳಗೆ ಅಡಗಿಸಿ ಉಂಡೆಯಾಗುತ್ತದೆ. ಅನುಮಾನ ಒಂದು ಕೂದಲೆಳೆಯಷ್ಟಿದ್ದರೂ ಹಿಂದೆ ಸರಿಯಿರಿ. ದೂರದಿಂದ ಕಣ್ಣಿಟ್ಟಿರಿ, ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ತೆರೆಯಿರಿ. ಹತ್ತಿರದಲ್ಲಿರುವ ತರಬೇತಾದ ಹಾವು ರಕ್ಷಕರ ಸಂಪರ್ಕ ಅದರಲ್ಲಿ ಸಿಗುತ್ತದೆ.

ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಿ. 108 ಕರೆಯಿರಿ. ‘ನಮ್ಮ ಸಾಕಿದ ಹಾವೇ ಕಚ್ಚಿರಬೇಕು’ ಎಂದು ಮನೆಯಲ್ಲಿ ಕಾಯಬೇಡಿ, ಕಣ್ಣಾರೆ ನೋಡಿದ್ದರೆ ಮಾತ್ರ ಆ ಮಾತು.

ನಿಮ್ಮದೇ ಎಂದು ಖಾತ್ರಿಯಾದರೆ ಎರಡೂ ಕೈಯಿಂದ ಮೈಯ ನಡುಭಾಗವನ್ನು ಆಧರಿಸಿ ಎತ್ತಿ ದಿಂಬಿನ ಗವಸಿಗೆ ಇಳಿಸಿ. ಅರ್ಧ ಮೈ ಗೋಡೆಯ ಸಂದಿಯಲ್ಲಿದ್ದರೆ ಬಾಲ ಹಿಡಿದು ಎಳೆಯಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಸಂದಿಯ ಬಾಯಿಗೆ ಬೆಚ್ಚನೆಯ ಪೆಟ್ಟಿಗೆ ಇಟ್ಟು ಕಾಯಿರಿ.

ನೆರೆಮನೆಗೆ ಹೇಳಲು ನಾಚಿಕೆ ಬೇಡ

ಬಹಳ ಮಂದಿ ತಪ್ಪಿಸಿಕೊಂಡದ್ದನ್ನು ಮುಚ್ಚಿಡುತ್ತಾರೆ. ಆಮೇಲೆ ಪಕ್ಕದ ಹಿತ್ತಿಲಲ್ಲಿ ಕಂಡ ಹಾವಿಗೆ ಯಾರೋ ಕೋಲು ಎತ್ತುತ್ತಾರೆ. ಫೋಟೊ ಕಳಿಸಿ, ಇದು ವಿಷವಿಲ್ಲದ್ದು, ಕಂಡರೆ ಮುಟ್ಟದೆ ನಮಗೆ ಫೋನ್ ಮಾಡಿ ಎಂದು ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಹೇಳಿ. ನಾಗನ ಕಟ್ಟೆಗೆ ತಂಬಿಲ ಕೊಡುವ ಊರಿದು, ಹೊಡೆಯುವ ಮೊದಲು ಕೇಳುವವರು ಇದ್ದೇ ಇದ್ದಾರೆ.

ಮುಚ್ಚಿಡಲು ಇನ್ನೊಂದು ಕಾರಣ ಕಾಗದಪತ್ರ. ನಾಗರ, ಕೇರೆ, ಹೆಬ್ಬಾವು ಹೀಗೆ ನಮ್ಮ ನಾಡಿನ ಹಾವುಗಳನ್ನು ಸಾಕಲು 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಬಿಡುವುದಿಲ್ಲ. ಆಫ್ರಿಕಾದ ಬಾಲ್ ಪೈಥಾನನ್ನು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಹೊರನಾಡಿನ ಹಾವು ‘ಹೋದರೆ ಹೋಗಲಿ’ ಎಂದು ತೋಟಕ್ಕೆ ಬಿಡುವುದಂತೂ ಕೂಡದು.

ಹಾವು ವಾಪಸ್ ಬಂದ ಮೇಲೆ ಮೊದಲು ನೀರು ಕೊಡಿ, ಮೈಮೇಲೆ ಗಾಯ, ಉಣ್ಣಿ ಇದೆಯೇ ನೋಡಿ. ಊಟಕ್ಕೆ ಒಂದು ವಾರ ತಡೆಯಿರಿ. ಹೊಟ್ಟೆ ಉಬ್ಬಿದ್ದರೆ ಅದು ಮನೆಯ ಇಲಿಯನ್ನೇ ನುಂಗಿರಬಹುದು. ಆ ಇಲಿ ಪಾಷಾಣ ತಿಂದದ್ದೂ ಆಗಿರಬಹುದು. ಹಾಗೆ ಅನಿಸಿದರೆ ಕಾಯದೆ ಹಾವುಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ. ಅಂಥವರು ಎಲ್ಲಿದ್ದಾರೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ, ಮಂಗಳೂರಿನವರೆಗೆ ಹೋಗಬೇಕಾದೀತು.