ಉಪವಾಸ ಕೆಡವಿದ ಮೇಲೆ ಕಂಡ ಬ್ಯಾಂಡ್

ಪುಣೆಯ ಲ್ಯಾಬಿನಲ್ಲಿ ಮೊದಲ ಆರು ತಿಂಗಳು ನನ್ನ ಬ್ಲಾಟ್‌ಗಳೆಲ್ಲ ಒಂದೇ ಥರ. ಬ್ಲಾಟ್ ಅಂದರೆ ಕೋಶದ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ಹಾಳೆಗೆ ಇಳಿಸಿ, ಬೇಕಾದದ್ದನ್ನು ಗುರುತು ಹಿಡಿದು ಅಂಟುವ ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆ. ಸಿಕ್ಕರೆ ಒಂದು ಕಪ್ಪು ಗೆರೆ, ಅದೇ ಬ್ಯಾಂಡ್. ಇಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಹಾಕಿದ ಕಡೆಯೂ ಬ್ಯಾಂಡ್, ಹಾಕದ ಕಡೆಯೂ ಬ್ಯಾಂಡ್. ಹಿನ್ನೆಲೆಯಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು.

ನನ್ನ ಕೆಲಸ ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳು ಗಡ್ಡೆಯ ಕೋಶಗಳ ಮೇಲೆ. ಈ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇಜಿಎಫ್‌ಆರ್ ಜೀನಿನ ಪ್ರತಿಗಳು ಜಾಸ್ತಿ ಇರುತ್ತವೆ. ಇಜಿಎಫ್‌ಆರ್ ಅಂದರೆ ಕೋಶದ ಹೊರಪೊರೆಯಲ್ಲಿ ಕೂತು ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನ್, ಅಂದರೆ ರಿಸೆಪ್ಟರ್. ಇಜಿಎಫ್ ಬಂದು ಅಂಟಿದರೆ ಎರಡು ರಿಸೆಪ್ಟರ್‌ಗಳು ಜೋಡಿಯಾಗುತ್ತವೆ, ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಸಿಕ್ಕಿಸುತ್ತದೆ. ಅಲ್ಲಿಂದ 'ಬೆಳಿ, ಇಬ್ಭಾಗವಾಗು' ಅನ್ನೋ ಸುದ್ದಿ ಒಳಗೆ ಹೋಗುತ್ತದೆ. ನಾನು ಹುಡುಕುತ್ತಿದ್ದದ್ದು ಆ ಫಾಸ್ಫೇಟನ್ನೇ.

ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಬೆಳಗಾವಿಯವರು. ಬ್ಲಾಟ್ ನೋಡಿ ನಕ್ಕರು. "ಹೊಟ್ಟಿ ತುಂಬಿದವರಿಗೆ ಬಡಿಸಿ ಹಸಿವಿ ಅಳೀಲಿಕ್ಕೆ ಹೊಂಟೀಯಲ್ಲೋ ತಮ್ಮಾ!"

ನಿಜ. ಕೋಶಗಳನ್ನು ಬೆಳೆಸುವ ಮೀಡಿಯಾದಲ್ಲಿ ಶೇ. 10ರಷ್ಟು ಸೀರಮ್ (ರಕ್ತದ ತಿಳಿ ದ್ರವ) ಇರುತ್ತದೆ. ಅದರ ತುಂಬಾ ಬೆಳವಣಿಗೆಯ ಪ್ರೋಟೀನುಗಳೇ. ನಾನು ಇಜಿಎಫ್ ಹಾಕುವ ಮೊದಲೇ ಕೋಶದೊಳಗೆ ಸುದ್ದಿ ಓಡಾಡುತ್ತಿತ್ತು.

ಆವತ್ತು ಸಂಜೆ ಸೀರಮ್ ಇಲ್ಲದ ಮೀಡಿಯಾ ಹಾಕಿ ಪಾಷಾಣ್‌ನ ರೂಮಿಗೆ ಬಂದೆ. ಧಾರವಾಡದಿಂದ ಅಮ್ಮನ ಫೋನು. ಕೋಶಗಳನ್ನು ರಾತ್ರಿಯಿಡೀ ಉಪವಾಸ ಕೆಡವಿದ್ದೀನಿ ಅಂದೆ. "ಅವು ಇರಲಿ, ನೀ ಉಂಡಿಯೇನು?" ಅಂದಳು.

ಬೆಳಿಗ್ಗೆ ಟೈಮರ್ ಹಿಡಿದು ಸರಿಯಾಗಿ ಐದು ನಿಮಿಷ ಇಜಿಎಫ್ ಕೊಟ್ಟೆ. ಬೀಪ್ ಅಂದ ತಕ್ಷಣ ಮೀಡಿಯಾ ಚೆಲ್ಲಿ, ತಟ್ಟೆಯನ್ನು ಐಸಿನ ಮೇಲಿಟ್ಟು, ತಣ್ಣನೆಯ ಬಫರ್ ಸುರಿದೆ. ಇಲ್ಲಿ ಸುಮ್ನೆ ನಿಂತರೆ ಕೋಶದ ಕಿಣ್ವಗಳೇ ಫಾಸ್ಫೇಟನ್ನು ಕಿತ್ತುಹಾಕುತ್ತವೆ. ಅದನ್ನು ತಡೆಯಲು ಬಫರಿಗೆ ವನಡೇಟ್ ಸೇರಿಸಬೇಕು. ಆ ಮಸಿ ಹಿನ್ನೆಲೆಗೆ ಕಾರಣ ಹಾಲಿನ ಪುಡಿ. ಆಂಟಿಬಾಡಿ ಬೇಡದ ಕಡೆ ಅಂಟದಂತೆ ಬ್ಲಾಟ್ ಮುಚ್ಚಲು ಅಗ್ಗ ಅಂತ ನಾನು ಅದನ್ನೇ ಬಳಸುತ್ತಿದ್ದೆ. ಹಾಲಿನ ಕೇಸೀನ್‌ಗೆ ತನ್ನದೇ ಫಾಸ್ಫೇಟ್ ಇದೆ, ಫಾಸ್ಫೇಟ್ ಹುಡುಕುವ ಆಂಟಿಬಾಡಿ ಅದಕ್ಕೂ ಅಂಟಬಹುದು. ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ದುಬಾರಿ, ಆದರೂ ಅದಕ್ಕೇ ಬದಲಾದೆ.

ಈ ಸಲ 170 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ, ರಿಸೆಪ್ಟರ್ ಕಾಣುವ ಜಾಗದಲ್ಲಿ, ಇಜಿಎಫ್ ಹಾಕದ ಎಡಗಡೆ ಖಾಲಿ, ಹಾಕಿದ ಬಲಗಡೆ ಕಪ್ಪು ಗೆರೆ. ಡಾರ್ಕ್‌ರೂಮಿನಲ್ಲಿ ಒಬ್ಬನೇ ಕೂಗಿಕೊಂಡೆ.

ಆಮೇಲೆ ರೂಪಾಂತರಿ ರಿಸೆಪ್ಟರ್ ಇಟ್ಟ ಯು87 ಎಂಬ ಗಡ್ಡೆ ಕೋಶಗಳನ್ನು ತೆಗೆದುಕೊಂಡೆ. ಇಜಿಎಫ್‌ಆರ್-ವಿ3 ಅಂತ ಕರೆಯುವ ಈ ರೂಪದಲ್ಲಿ ಜೀನಿನ 2ರಿಂದ 7ನೇ ಎಕ್ಸಾನ್‌ಗಳು (ಪ್ರೋಟೀನಿನ ಸಂಕೇತ ಹೊತ್ತ ತುಂಡುಗಳು) ಹಾರಿಹೋಗಿರುತ್ತವೆ. ಇಜಿಎಫ್ ಕೂರಲು ಸರಿಯಾದ ಜಾಗವೇ ಇಲ್ಲ, ಆದರೂ ಸದಾ ಆನ್. ಉಪವಾಸ ಕೆಡವಿದರೂ ಬ್ಯಾಂಡ್ ಬಂತು. ಆರು ತಿಂಗಳು ನನ್ನನ್ನು ಗೋಳಾಡಿಸಿದ ಅದೇ ಚಿತ್ರ, ಈಗ ಅದೇ ಉತ್ತರ!

ಈ ರಿಸೆಪ್ಟರನ್ನು ತಡೆಯುವ ಔಷಧಿ ಎರ್ಲೋಟಿನಿಬ್ ಹಾಕಿದಾಗ ರಿಸೆಪ್ಟರಿನ ಬ್ಯಾಂಡ್ ಮಸುಕಾಯಿತು. ಅದರಿಂದ ಸುದ್ದಿ ಪಡೆದು ಮುಂದೆ ಸಾಗಿಸುವ ಎಕೆಟಿ ಎಂಬ ಪ್ರೋಟೀನಿನ ಬ್ಯಾಂಡ್ ಮಾತ್ರ ಜಗ್ಗಲಿಲ್ಲ. ಯು87ರಲ್ಲಿ ಪಿಟಿಇಎನ್ ಅನ್ನೋ ಬ್ರೇಕೇ ಇಲ್ಲ ಅಲ್ವಾ, ಮೇಲೆ ಮುಚ್ಚಿದರೂ ಕೆಳಗೆ ಓಡುತ್ತಲೇ ಇರುತ್ತದೆ. ಅಕ್ಕನಿಗೆ ತೋರಿಸಿದೆ. "ಪಿಟಿಇಎನ್ ಇರೋ ಕೋಶ ತೊಗೊಂಡು ಮತ್ತ ಮಾಡು" ಅಂದರು. ಈ ಶುಕ್ರವಾರ ಅವಕ್ಕೂ ಉಪವಾಸ.